ಗೂಡಿನ ಕಲ್ಲು

ಬೆಳಿಗ್ಗೆ ಆರಕ್ಕೆ ಹಡಗಿನ ಕುಡಿಯುವ ನೀರು ಮುಗಿಯಿತು. ದಕ್ಷಿಣ ಧ್ರುವ ಪ್ರದೇಶದ ಆ ನಿರ್ಜನ ದ್ವೀಪಗಳು ಕಾನೂನಿನ ಪ್ರಕಾರ ಪೆಂಗ್ವಿನ್‌ಗಳಿಗೆ ಸೇರಿದ್ದವು. ಇಳಿಯಲು ಅವುಗಳ ಒಪ್ಪಿಗೆ ಬೇಕು. ನೀರು ತರಲು ಹಡಗಿನಿಂದ ಬಂದ ಅಂಕೋಲೆಯ ಗಿರಿಜಾ ಎಂದಿನಂತೆ ದಡದಂಚಿನಲ್ಲಿ ಒಂದು ಕಲ್ಲಿಟ್ಟು ದೋಣಿಯಲ್ಲೇ ಕಾದಳು. ಹಕ್ಕಿಯೊಂದು ಅದನ್ನು ಕಚ್ಚಿಕೊಂಡು ಹೋಗಿ ತನ್ನ ಗೂಡಿಗೆ ಸೇರಿಸಿತು. ಕಲ್ಲು ಆ ಗೂಡಿನಲ್ಲಿರುವಷ್ಟು ಹೊತ್ತು ಒಪ್ಪಿಗೆ ಊರ್ಜಿತ.

ಹಿಮ ಕರಗಿ ಹರಿಯುವ ತೊರೆಯಲ್ಲಿ ಅವಳು ಎರಡನೆಯ ಕ್ಯಾನು ತುಂಬಿಸುತ್ತಿದ್ದಾಗ, ಪಕ್ಕದ ಗೂಡಿನ ಪೆಂಗ್ವಿನ್ ಮೆಲ್ಲನೆ ಬಂದು ಆ ಕಲ್ಲನ್ನು ಕದ್ದಿತು.

"ಗಿರಿಜಾ, ಹೋಯ್ತು ನೋಡು ನಿನ್ನ ಪರವಾನಗಿ!" ದೋಣಿ ನಡೆಸುವ ರತ್ನಾಕರ ಕೂಗಿದ.

"ಕದ್ದದ್ದೂ ಪೆಂಗ್ವಿನ್ನೇ ಅಲ್ವಾ ಮಾಮಾ?"

"ಕದ್ದದ್ದು ಒಪ್ಪಿಗೆ ಆಗೂದಿಲ್ಲ. ದಡದಲ್ಲಿ ನಾವು ಇಟ್ಟಿದ್ದನ್ನೇ ಅವು ಎತ್ತಬೇಕು."

"ತುಂಬೂಕೆ ಎರಡೇ ಬೆರಳು ಬಾಕಿ! ಹಡಗಲ್ಲಿ ಹನ್ನೊಂದು ಜನ ಬಾಯಾರಿ ಕೂತಿದ್ದಾರೆ."

"ಮೊದಲನೇ ಕ್ಯಾನು ಒಪ್ಪಿಗೆ ಇದ್ದಾಗ ತುಂಬಿದ್ದು, ನಮ್ದು. ಇದು ಪೆಂಗ್ವಿನ್‌ಗಳದ್ದು. ಸುರುವಿ ಬಾ."

ಗಿರಿಜಾ ಬೈದುಕೊಳ್ಳುತ್ತಲೇ ನೀರನ್ನು ತೊರೆಗೆ ಸುರಿದು, ದಡದಲ್ಲಿ ಇನ್ನೊಂದು ಕಲ್ಲಿಟ್ಟಳು. ಸಂಜೆಯವರೆಗೂ ಯಾವ ಹಕ್ಕಿಯೂ ಅದರತ್ತ ಸುಳಿಯಲಿಲ್ಲ. ಅಂದು ಹಡಗಿನಲ್ಲಿ ಅನ್ನಕ್ಕಿಡಲಿಲ್ಲ. ಇದ್ದೊಂದು ಕ್ಯಾನನ್ನು ಲೋಟದಲ್ಲಿ ಅಳೆದು ಕುಡಿದರು.

ಮರುದಿನ ಬೆಳಿಗ್ಗೆ ದಡದ ಆ ಕಲ್ಲನ್ನು ಎತ್ತಿಕೊಂಡು ಒಪ್ಪಿಗೆ ಕೊಟ್ಟದ್ದು ಅದೇ ಕಳ್ಳ ಹಕ್ಕಿ.