ದಿಂಬಿನ ದಿಕ್ಕು

"ಅಕ್ಷಯಾ, ದಿಂಬು ಉತ್ತರಕ್ಕಿದೆ ಕಣೇ!" ಜನ್ನಾಪುರದ ಮನೆಯಲ್ಲಿ ಕರಿಬಸಮ್ಮ ಮೊಬೈಲನ್ನು ಬೆರಳಿನಿಂದ ಕುಟ್ಟಿದರು. ವಿಡಿಯೋ ಕಾಲಿನಲ್ಲಿ ಜಪಾನಿನ ದೇವಸ್ಥಾನವೊಂದರ ಅತಿಥಿಕೋಣೆ, ನೆಲದ ಮೇಲೆ ಹಾಸಿಗೆ, ದಿಂಬಿನ ಎಡಕ್ಕೆ ಕಿಟಕಿಯಲ್ಲಿ ಮುಳುಗುವ ಸೂರ್ಯ. ದೊಡ್ಡ ಕಾಯಿಲೆಯಿಂದ ಎದ್ದ ಮಗಳ ಮೊದಲ ಪ್ರವಾಸವದು.

"ಅವರೇ ಹಾಸಿರೋದಮ್ಮ. ನಾನು ಎಳೆದಾಡಿದ್ರೆ ಏನಂದ್ಕೋತಾರೆ?"

"ಹಂಗಾದ್ರೆ ನಾಳೆನೇ ಹೊರಟು ಬಾ ಮಾರಾಯ್ತಿ."

ಅಷ್ಟರಲ್ಲಿ ಚಹಾ ತಂದ ಮುದಿ ಸನ್ಯಾಸಿಯೊಬ್ಬರು ಹಾಸಿಗೆ ನೋಡಿ ಬೆಚ್ಚಿದರು. ತಟ್ಟೆ ಕೆಳಗಿಟ್ಟು, ಇಂಗ್ಲಿಷಿನಲ್ಲಿ ತಡವರಿಸಿ ಕ್ಷಮೆ ಕೇಳುತ್ತ, ದಿಂಬನ್ನು ತಾವೇ ಎತ್ತಿ ಆಚೆ ತುದಿಗಿಟ್ಟರು.

ಅಕ್ಷಯಾ ನಕ್ಕಳು. "ಇಲ್ಲೂ ಸತ್ತವರನ್ನ ಮಾತ್ರ ಉತ್ತರಕ್ಕೆ ತಲೆ ಹಾಕಿ ಮಲಗಿಸ್ತಾರಂತೆ. ಯಾರೋ ಹೊಸಬರು ಹಾಸಿದ್ರಂತೆ."

ಕರಿಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರಮ್ಮನೂ ಹೇಳಿಕೊಟ್ಟಿದಾಳೆ ನೋಡು. ನೀನು ಇನ್ನೂ ಎರಡು ದಿನ ಅಲ್ಲೇ ಇದ್ದು ಬಾ."