ಅಕ್ಕನ ವಯಸ್ಸು

"ಗುರುತಿನ ಚೀಟಿ ಕೊಡಿ ಅಮ್ಮಾ," ಎಂದು ಡಾಕ್ಟರ್ ನೆರ್ಮೀನ್ ಕೈ ಚಾಚಿದ್ದೇ ತಡ, ಫಿಕ್ರಿಯಾ ಮೇಜಿನ ಮೇಲಿದ್ದ ತನ್ನ ಚೀಟಿಯನ್ನು ಸರಕ್ಕನೆ ಎಳೆದುಕೊಂಡು ಅದರ ಮೇಲೆ ಕುಳಿತುಬಿಟ್ಟಳು.

ಗಂಡ ಖಲಫ್‌ಗೆ ನಾಚಿಕೆಯಾಯಿತು. "ಏನೇ ಇದು ಮಕ್ಕಳಾಟ? ಕೊಡೇ."

"ಕೊಡಲ್ಲ. ನೋಡಿದ್ರೆ ಇವ್ರೂ ಮನೆಗೆ ಕಳಿಸ್ತಾರೆ."

ಹೋದ ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ ಆದದ್ದು ಅದೇ. ಎದೆಯಲ್ಲಿರುವುದು ಕ್ಯಾನ್ಸರ್ ಗಂಟು ಎಂದ ವೈದ್ಯ, ಚೀಟಿಯಲ್ಲಿ ಎಂಬತ್ತೆರಡು ಎಂದು ಕಂಡವನೇ ಪೆನ್ನು ಕೆಳಗಿಟ್ಟಿದ್ದ. ಈ ವಯಸ್ಸಿಗೆ ಆಪರೇಷನ್ ಯಾಕೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದ. ನೆಂಟರೆಲ್ಲ ಹೌದೆಂದು ತಲೆಯಾಡಿಸಿದರು. ಕ್ಯಾನ್ಸರ್ ಬಂದ ಮುದುಕರಿಗೆಂದೇ ಸೋಹಾಗ್ ಪಟ್ಟಣದಲ್ಲಿ ಹೊಸದಾಗಿ ಒಂದು ವಿಭಾಗ ತೆರೆದಿದ್ದಾರೆ ಎಂದು ಕೇಳಿ, ಖಲಫ್ ಒಬ್ಬನೇ ಹಟ ಹಿಡಿದು ಅವಳನ್ನು ಕರೆತಂದಿದ್ದ.

"ವಿಳಾಸ ಬರ್ಕೊಳ್ಳೋಕೆ ಕೇಳಿದೆ, ಇರಲಿ ಬಿಡಿ," ಎಂದಳು ಡಾಕ್ಟರ್. "ಕೈ ಊರದೆ ಎದ್ದು, ಆ ಕಿಟಕಿ ತನಕ ಹೋಗಿ ಬನ್ನಿ ನೋಡೋಣ."

ಫಿಕ್ರಿಯಾ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋಗಿ ಬಂದಳು. ಡಾಕ್ಟರ್ ಗಡಿಯಾರ ನೋಡಿ ಬರೆದುಕೊಂಡಳು. ಎದೆಬಡಿತ ಕೇಳಿದಳು. ನಿದ್ದೆ ಹೇಗೆ, ಎಲ್ಲಾದರೂ ಬಿದ್ದದ್ದುಂಟೇ, ದಿನಕ್ಕೆಷ್ಟು ಮಾತ್ರೆ ಎಂದು ವಿಚಾರಿಸಿದಳು.

"ಮನೇಲಿ ರೊಟ್ಟಿ ಯಾರು ಮಾಡೋದು?"

"ಇನ್ಯಾರು, ನಾನೇ. ಬೆಳಿಗ್ಗೆ ಹಿಟ್ಟು ನಾದಿ ಬಿಸಿಲಿಗೆ ಉಬ್ಬೋಕೆ ಇಡ್ತೀನಿ. ಸೊಸೆ ಮಾಡಿದ್ರೆ ಚಪ್ಪಲಿ ಅಟ್ಟೆ."

ಡಾಕ್ಟರ್ ನಕ್ಕು ಮತ್ತೆ ಬರೆಯತೊಡಗಿದಳು. ಏನು ಬರೆಯುತ್ತಿದ್ದಾಳೋ ಎಂಬ ಭಯಕ್ಕೆ ಫಿಕ್ರಿಯಾಗೆ ತಡೆಯಲಾಗಲಿಲ್ಲ.

"ಆ ಎಂಬತ್ತೆರಡು ನಂದಲ್ಲ ಡಾಕ್ಟ್ರಮ್ಮಾ! ನಮ್ಮಕ್ಕಂದು. ಕೂಸಾಗಿದ್ದಾಗ್ಲೇ ತೀರ್ಕೊಂಡ್ಲು. ಅವಳು ಹುಟ್ಟಿ ಆರು ವರ್ಷಕ್ಕೆ ನಾನು. ಅಪ್ಪ ಅವಳ ಹೆಸರೇ ಇಟ್ಟು, ಅವಳ ಜನನದ ಕಾಗದಾನೇ ನಂಗೆ ಮಾಡ್ಬಿಟ್ಟ. ಮದುವೆಗೆ ನಂಗೆ ಒಂದು ವರ್ಷ ಸಾಲ್ತಿರಲಿಲ್ಲ, ಅದನ್ನೇ ತೋರ್ಸಿ ದಾಟಿಸ್ದ. ಬಾಯಿ ಬಿಟ್ರೆ ಮದುವೇನೇ ಮುರಿಯುತ್ತೆ ಅಂತ ಅರವತ್ತೊಂದು ವರ್ಷ ಸುಮ್ನಿದ್ದೆ. ನಂಗಿನ್ನೂ ಎಪ್ಪತ್ತಾರು. ಔಷಧಿ ಕೊಡಿ!"

ಖಲಫ್ ಪಿಳಿಪಿಳಿ ಕಣ್ಣು ಬಿಟ್ಟ.

"ಅಮ್ಮಾ, ನಿಮ್ಮ ವಯಸ್ಸು ನಾನಿನ್ನೂ ನೋಡೇ ಇಲ್ಲ," ಎಂದಳು ಡಾಕ್ಟರ್. "ನೋಡಿದ್ದು ಕಾಲು, ಎದೆಬಡಿತ, ನೆನಪು. ಎಲ್ಲಾ ಗಟ್ಟಿಯಾಗಿವೆ. ಎಂಬತ್ತೆರಡೇ ಆಗಿದ್ರೂ ಆಪರೇಷನ್ ಮಾಡಿಸ್ತಿದ್ದೆ. ಈ ವಾರ ಉಳಿದ ಪರೀಕ್ಷೆ ಮುಗಿಸೋಣ, ಮುಂದಿನ ವಾರ ಬಂದು ಸೇರ್ಕೊಳ್ಳಿ."

ಫಿಕ್ರಿಯಾ ಕಪ್ಪು ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಅಷ್ಟು ಹಗುರವಾಗಿ ಅವಳು ಉಸಿರಾಡಿ ಒಂದು ತಿಂಗಳಾಗಿತ್ತು.

ಖಲಫ್ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದ. ಅವನಿಗೆ ಎಪ್ಪತ್ತೊಂಬತ್ತು. "ಹಾಗಾದ್ರೆ ನೀನು ನನಗಿಂತ ಮೂರು ವರ್ಷ ಚಿಕ್ಕೋಳು?"

"ಹೂಂ ಹಾಜಿ. ಬೈಯೋದಿದ್ರೆ ಬೈದುಬಿಡು."

ಅವನು ಬೈಯಲಿಲ್ಲ. ಹೆಗಲ ಶಾಲಿನಿಂದ ಕಣ್ಣೊರೆಸಿಕೊಂಡ.

"ದೊಡ್ಡೋಳು, ನನ್ನ ಬಿಟ್ಟು ಮೊದ್ಲು ಹೊರಟುಹೋಗ್ತಾಳೆ ಅಂತ ಇಷ್ಟು ವರ್ಷ ಹೆದರ್ಕೊಂಡೇ ಬದುಕಿದ್ನಲ್ಲೇ! ದೇವರು ದೊಡ್ಡವನು. ಸರದಿ ಮೊದ್ಲು ನಂದು."