ನೀರಿನ ಮುಂದೆ ನಡೆಯುವವನು

ಮಳೆ ಏಳು ವರ್ಷಕ್ಕೊಮ್ಮೆ ಬರತೊಡಗಿದ ಮೇಲೆ ಆ ಸೀಮೆಗೆಲ್ಲ ಕರಿಗುಡ್ಡದ ಜಲಾಶಯವೇ ಗತಿಯಾಗಿತ್ತು. ಒಮ್ಮೆ ತುಂಬಿದ ನೀರನ್ನು ಅಣೆಕಟ್ಟು ಏಳು ವರ್ಷ ಹಿಡಿದಿಟ್ಟು, ವರ್ಷಕ್ಕೊಂದು ಸಲ ಕಾಲುವೆಗೆ ಬಿಡುತ್ತಿತ್ತು. ಉಳಿದ ದಿನಗಳಲ್ಲಿ ಬಿಸಿಲಿಗೆ ಹೆದರಿದ ಜನ ಆ ಒಣ ಕಾಲುವೆಯ ನೆರಳಿನಲ್ಲೇ ಸಂಸಾರ ಹೂಡುತ್ತಿದ್ದರು. ಅವರನ್ನು ಎಬ್ಬಿಸಿ ದಡ ಹತ್ತಿಸಲು ನೀರಿನ ಮುಂದೆ ಒಬ್ಬ ನಡೆಯಬೇಕಿತ್ತು. ಅವನೇ ಹುಲಗಪ್ಪ.

ಈ ಸಲ ಅವನು ಕಾಲುವೆಯೊಳಗೆ ಜಾಗಟೆ ಬಾರಿಸುತ್ತ ಬಂದಾಗ, ಸೇತುವೆಯ ಹತ್ತಿರ ಬಸಲಿಂಗವ್ವ ಹಾಸಿಗೆ ಪಾತ್ರೆಗಳನ್ನು ದಡಕ್ಕೇರಿಸಿ, ರೊಟ್ಟಿ ಹಿಡಿದು ನಿಂತಿದ್ದಳು.

"ಕುಂತು ಉಣ್ಣೋ ಯಣ್ಣಾ."

"ಹೆಂಗ ಕುಂದರ್ಲಿ ಯವ್ವಾ? ನೀರು ಬೆನ್ನಿಗೇ ಐತಿ. ಮುಂದ ಮಂದಿ ಇನ್ನಾ ಮಲಗ್ಯಾರ." ರೊಟ್ಟಿ ಇಸಿದುಕೊಂಡು ಅವನು ನಡೆದೇಬಿಟ್ಟ.

ಅವಳು ದಡದ ಮೇಲೆ ಜೊತೆಗೇ ಹೆಜ್ಜೆ ಹಾಕಿದಳು. "ನೀರು ಬಂತಂದ್ರ ನಾವು ಸಂಜಿತನಕ ಕುಣಿತೀವಿ. ಅದು ಬರೋದು ನೋಡಿದ್ರ ನಿನಗ ಹೆಂಗನಸ್ತೈತಿ?"

"ನಾ ಎಲ್ಲಿ ನೋಡೀನಿ? ನಾ ಹೋದಲ್ಲೆಲ್ಲಾ ಒಣಾನ ಇರ್ತೈತಿ."

ಬಸಲಿಂಗವ್ವ ಗಕ್ಕನೆ ನಿಂತಳು. "ನಾ ನೋಡಿ ಹೇಳ್ತೀನಿ, ಕೇಳಿಸ್ಕೋ!" ಎಂದು ಸೇತುವೆಗೆ ಓಡಿದಳು.

ಹುಲಗಪ್ಪ ಜಾಗಟೆ ನಿಲ್ಲಿಸಿ, ಹಿಂದಕ್ಕೆ ಕಿವಿಗೊಟ್ಟುಕೊಂಡೇ ನಡೆದ. ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿತು.

"ಬಂತು ಯಣ್ಣಾ! ಮೊದಲು ಕಸಕಡ್ಡಿ ಬರಾಕತ್ತೈತಿ, ಅದರ ಹಿಂದ..."

ಅಷ್ಟರಲ್ಲಿ ಇಡೀ ಊರೇ ಹೋ ಎಂದು ಕೇಕೆ ಹಾಕಿತು. ಮುಂದಿನ ಮಾತು ಅವನಿಗೆ ಕೇಳಿಸಲಿಲ್ಲ. ತಿರುವಿನಾಚೆ ಯಾರೋ ತಾಯಿ, ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು.

"ಏಳವ್ವಾ, ನೀರು ಬಂತು!" ಎನ್ನುತ್ತ ಹುಲಗಪ್ಪ ಓಡಿದ.